ಲೇಬಲ್ ಇಲ್ಲದ ಸ್ಲಿಪ್ಪಿನ ವಯಸ್ಸು ಹೇಗೆ ಹೇಳೋದು? ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೇಲಿ ನಾನು 20 ವರ್ಷದಿಂದ ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕೂಡಿಟ್ಟಿರೋ ಹಳೇ ಸ್ಲಿಪ್ಪುಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದಿರೋ ಪತ್ರ ನೋಡಿ ನಂಗೆ ತುಂಬಾನೇ ಖುಷಿ ಆಯ್ತು, ಯಾಕಂದ್ರೆ ಒಳಬಟ್ಟೆ ವಿಷಯ ಅಂದ್ರೆ ನಮ್ಮಲ್ಲಿ ಅಂಗಡೀಲೂ ಪಿಸುಮಾತಲ್ಲೇ ಕೇಳ್ತೀವಿ. ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಕಡೆ ಸ್ಲಿಪ್ ಅಂದ್ರೆ ಸ್ಕೂಲ್ ಯೂನಿಫಾರ್ಮ್ ಒಳಗೆ ಹಾಕೋ ಬಿಳೀ ಬನಿಯನ್ ಥರದ್ದು ನೆನಪಾಗುತ್ತೆ, ನಾನು ಹೇಳ್ತಿರೋದು ಅಮೆರಿಕ, ಇಂಗ್ಲೆಂಡ್ ಕಡೆ ಹೆಂಗಸ್ರು ಫ್ರಾಕಿನ ಒಳಗೆ ಹಾಕ್ತಿದ್ದ, ಭುಜದಿಂದ ಮಂಡಿವರೆಗೂ ಇಳಿಯೋ ಸ್ಲಿಪ್ಪು. ಸೊಂಟದಿಂದ ಕೆಳಗೆ ಮಾತ್ರ ಇದ್ರೆ ಅದು ಹಾಫ್ ಸ್ಲಿಪ್. ಎಲ್ಲಾ ಪತ್ರಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ, ಜಾಸ್ತಿ ಜನ ಕೇಳಿರೋದನ್ನ ಆರಿಸ್ಕೊಂಡಿದೀನಿ.

ಪ್ರಶ್ನೆ: ಅಕ್ಕಾ, ಇಲ್ಲೊಂದು ಎಸ್ಟೇಟ್ ಸೇಲ್‌ನಲ್ಲಿ, ಅಂದ್ರೆ ತೀರ್ಕೊಂಡವರ ಮನೆ ಸಾಮಾನೆಲ್ಲಾ ಮಾರೋ ಕಡೆ, ಪೀಚ್ ಕಲರ್ ಸ್ಯಾಟಿನ್ ಸ್ಲಿಪ್ ತಗೊಂಡೆ. ಲೇಬಲ್ ಇಲ್ಲ. ಎಡಗಡೆ ಪಕ್ಕದಲ್ಲಿ ಮೂರು ಟಿಚ್ ಬಟನ್ ಇದೆ, ನಂಗೆ ಮಂಡಿಯಿಂದ ಸ್ವಲ್ಪ ಕೆಳಗೆ ಬರುತ್ತೆ. ಮಾರಿದವ್ರು 1930ರದ್ದು ಅಂದ್ರು. ನಂಬಬಹುದಾ?
ಓದುಗರು, ಒಹಾಯೊ

ಉತ್ತರ: ಮಾರೋರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಪೀಚ್ ಬಣ್ಣ ಕಂಡ ಕೂಡ್ಲೇ 1930 ಅನ್ನೋದು ಇಲ್ಲಿ ಎಲ್ರಿಗೂ ಅಭ್ಯಾಸ. ಆ ಬಣ್ಣಕ್ಕೆ ಅವಾಗ ಟೀ ರೋಸ್ ಅಂತಿದ್ರು, 1920ರ ದಶಕದಿಂದ 40ರ ದಶಕ ಮುಗಿಯೋವರೆಗೂ ಒಳಬಟ್ಟೆಗೆ ಅದೇ ಬಣ್ಣ ಓಡ್ತು, ಹಂಗಾಗಿ ಬಣ್ಣ ಒಂದ್ರಿಂದ ವಯಸ್ಸು ಹೇಳಕ್ಕಾಗಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಮೂರು ಟಿಚ್ ಬಟನ್ ಮೇಲೆ.

ಟಿಚ್ ಬಟನ್ ಯಾಕೆ ಬೇಕಾಗಿತ್ತು ಯೋಚ್ನೆ ಮಾಡಿ. ಮಗ್ಗದಲ್ಲಿ ನೇಯ್ದ ಬಟ್ಟೆ ಎಳೆದ್ರೆ ಹಿಗ್ಗಲ್ಲ, ಸೊಂಟಕ್ಕೆ ಬಿಗಿಯಾಗಿ ಕೂರಬೇಕು ಅಂದ್ರೆ ಪಕ್ಕದಲ್ಲಿ ಬಾಯಿ ಬಿಡಲೇಬೇಕು, ನಮ್ಮ ಚೂಡಿದಾರ್ ಟಾಪಿಗೆ ಸೈಡ್ ಜಿಪ್ ಇಡ್ತೀವಲ್ಲ ಹಂಗೆ. ಆಮೇಲೆ ಬಂದ ನೈಲಾನ್ ಸ್ಲಿಪ್ಪು ನೇಯ್ದಿದ್ದಲ್ಲ, ಹೆಣೆದಿದ್ದು. ಟ್ರೈಕಾಟ್ ಅಂತಾರೆ. ಬನಿಯನ್ ಬಟ್ಟೆ ಥರ ಹಿಗ್ಗುತ್ತೆ, ತಲೆ ಮೇಲಿಂದ ಹಾಕ್ಕೊಂಡ್ರೆ ಸಾಕು, ಬಟನ್ ಬೇಕಿಲ್ಲ. ನೈಲಾನ್ ಕಂಡುಹಿಡಿದಿದ್ದು 1935ರಲ್ಲಿ, ಡುಪಾಂಟ್ ಕಂಪನಿಯ ವ್ಯಾಲೇಸ್ ಕರೋದರ್ಸ್ ಅನ್ನೋ ಕೆಮಿಸ್ಟು. ಅಮೆರಿಕ ಪೂರ್ತಿ ನೈಲಾನ್ ಸ್ಟಾಕಿಂಗ್ಸ್ ಮಾರಾಟಕ್ಕೆ ಬಂದಿದ್ದು 1940ರ ಮೇ 15ಕ್ಕೆ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಇದ್ದ ನೈಲಾನ್ ಎಲ್ಲಾ ಪ್ಯಾರಾಶೂಟಿಗೂ ಹಗ್ಗಕ್ಕೂ ಹೋಯ್ತು, ಹೆಂಗಸರ ಕೈಗೆ ನೈಲಾನ್ ಸ್ಲಿಪ್ ಸಲೀಸಾಗಿ ಸಿಗೋಕೆ ಶುರುವಾಗಿದ್ದು ಯುದ್ಧ ಮುಗಿದ ಮೇಲೆ, 40ರ ದಶಕದ ಕೊನೆಗೆ. 50ರ ದಶಕದಲ್ಲಂತೂ ಎಲ್ಲಿ ನೋಡಿದ್ರೂ ಅದೇ. ಅದಕ್ಕೇ ಪಕ್ಕದಲ್ಲಿ ಟಿಚ್ ಬಟನ್ ಇರೋ ನೇಯ್ದ ಸ್ಯಾಟಿನ್ ಅಂದ್ರೆ ನೈಲಾನಿಗೆ ಮುಂಚಿನದ್ದು ಇರಬಹುದು ಅಂತ ಒಂದು ಅಂದಾಜು ಹುಟ್ಟುತ್ತೆ. ಅಂದಾಜು ಅಷ್ಟೇ, ಯಾಕಂದ್ರೆ ರೇಯಾನ್ ಸ್ಲಿಪ್ಪುಗಳು 50ರಲ್ಲೂ ಬರ್ತಿದ್ವು. ಇನ್ನೊಂದು, ಬಟನ್ ಇಲ್ಲ ಅಂದ ಮಾತ್ರಕ್ಕೆ ಹೊಸದು ಅಂತಾನೂ ಅಲ್ಲ.

ಅದು ಯಾಕೆ ಅಂದ್ರೆ ಕ್ರಾಸ್ ಕಟ್. ನಮ್ಮ ಟೈಲರ್ ಹತ್ರ ಕ್ರಾಸ್ ಕಟ್ ಬ್ಲೌಸ್ ಅಂತ ಕೇಳ್ತೀವಲ್ಲ, ಬಟ್ಟೇನ ಓರೆಯಾಗಿಟ್ಟು ಕತ್ತರಿಸೋದು, ಅದೇ. ಪ್ಯಾರಿಸ್‌ನಲ್ಲಿ ಮ್ಯಾಡ್ಲೀನ್ ವಿಯೊನೆ ಅನ್ನೋ ಡಿಸೈನರ್ 1920ರ ದಶಕದಲ್ಲಿ ಇಡೀ ಫ್ರಾಕನ್ನೇ ಹಂಗೆ ಓರೆಯಾಗಿ ಕತ್ತರಿಸಿ ಮೈಮೇಲೆ ನೀರು ಹರಿದಂಗೆ ಬೀಳೋ ಥರ ಮಾಡಿದ್ರು, 30ರ ದಶಕದಲ್ಲಿ ಆ ಥರ ಫ್ರಾಕಿನ ಒಳಗೆ ಹಾಕೋಕೆ ಸ್ಲಿಪ್ಪೂ ಹಂಗೇ ಬೇಕಾಯ್ತು. ನಿಮ್ಮ ಸ್ಲಿಪ್ಪನ್ನ ಕಿಟಕಿ ಬೆಳಕಿಗೆ ಹಿಡೀರಿ, ನೂಲಿನ ಎಳೆ ಯಾವ ಕಡೆ ಓಡುತ್ತೆ ನೋಡಿ. ನೆಟ್ಟಗೆ ಮೇಲಿಂದ ಕೆಳಗೆ ಇದ್ರೆ ಸ್ಟ್ರೈಟ್ ಕಟ್. ಓರೆಯಾಗಿ, ನಡುವಿನ ಹೊಲಿಗೆ ಹತ್ರ ಬಾಣದ ತುದಿ ಥರ ಸೇರಿದ್ರೆ ಕ್ರಾಸ್ ಕಟ್. ಸೊಂಟದ ಹತ್ರ ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ, ನೇಯ್ದ ಬಟ್ಟೆ ಆಗಿದ್ರೂ ಹಿಗ್ಗುತ್ತೆ, ಬಿಟ್ರೆ ವಾಪಸ್ ಬರುತ್ತೆ. ಆಮೇಲೆ ಹೊಲಿಗೆ. ಕ್ರಾಸ್ ಕಟ್ ಬಟ್ಟೆಗೆ ನೇರ ಹೊಲಿಗೆ ಹಾಕಿದ್ರೆ ಬಟ್ಟೆ ಹಿಗ್ಗಿದಾಗ ದಾರ ಕಡಿಯುತ್ತೆ, ಅದಕ್ಕೆ ಫ್ಯಾಕ್ಟರಿಯವ್ರು ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕ್ತಿದ್ರು. ಕೈಹೊಲಿಗೆಯ ರೇಷ್ಮೆ ಸ್ಲಿಪ್ ಆದ್ರೆ ಒಳಗಡೆ ಅಂಚು ಎಲ್ಲೂ ಕಾಣದ ಹಂಗೆ ಮಡಚಿ ಎರಡು ಸಲ ಹೊಲಿದಿರ್ತಾರೆ, ತಿರುಗಿಸಿ ನೋಡಿದ್ರೆ ಒಳಗೂ ಹೊರಗೂ ಅಷ್ಟೇ ನೀಟಾಗಿರುತ್ತೆ. ಓವರ್‌ಲಾಕ್ ಕಂಡ್ರೆ ಹೊಸದು ಅಂತ ಕೆಲವ್ರು ಹೇಳ್ತಾರೆ, ಅದು ತಪ್ಪು, ಓವರ್‌ಲಾಕ್ ಮಿಷನ್ 19ನೇ ಶತಮಾನದಲ್ಲೇ ಇತ್ತು.

ಇನ್ನು ಬಟ್ಟೆ ಯಾವ್ದು ಅನ್ನೋದು. ಒಳಗಡೆ ಹೊಲಿಗೆ ಅಂಚಿಂದ ಒಂದೇ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡ್ಕೊಂಡು, ಅಡುಗೆಮನೆ ಸಿಂಕ್ ಮೇಲೆ ಬೆಂಕಿ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದ್ರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದ್ರೆ ರೇಯಾನ್. ಉರಿಯೋ ಬದ್ಲು ಕರಗಿ ತುದೀಲಿ ಗಟ್ಟಿ ಮಣಿ ಥರ ನಿಂತ್ರೆ ನೈಲಾನ್, ಇಲ್ಲಾ ಪಾಲಿಯೆಸ್ಟರ್. ಹಳಬರು ಕೈಯಲ್ಲಿ ಮುಟ್ಟೇ ಹೇಳ್ತಾರೆ, ಒಂದಷ್ಟು ವರ್ಷ ಆದ್ಮೇಲೆ ನಿಮಗೂ ಬರುತ್ತೆ. ರೇಯಾನ್ ಸ್ಯಾಟಿನ್ ಕೈಗೆ ತಣ್ಣಗೆ, ಭಾರವಾಗಿ ಜಾರುತ್ತೆ, ನೈಲಾನ್ ಹಗುರ, ಉಜ್ಜಿದ್ರೆ ಒಣಗಿದ ಥರ ಸದ್ದು.

ಉದ್ದಾನೂ ಸೇರಿಸ್ಕೊಳ್ಳಿ. 30ರ ದಶಕದ ಫ್ರಾಕು ಉದ್ದ, ಸ್ಲಿಪ್ಪು ಮೀನಖಂಡದವರೆಗೂ ಬರುತ್ತೆ. ಯುದ್ಧದ ವರ್ಷಗಳಲ್ಲಿ ಬಟ್ಟೆ ಉಳಿಸ್ಬೇಕು ಅಂತ ಸರ್ಕಾರಾನೇ ಮಿತಿ ಹಾಕ್ತು, ಮಂಡಿ ಹತ್ರ ಬಂತು, ಘೇರು ಕಮ್ಮಿ ಆಯ್ತು. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ ಡಿಸೈನರ್ ಡಿಯೊರ್‌ನ ನ್ಯೂ ಲುಕ್ ಅನ್ನೋ ಫ್ಯಾಷನ್ ಬಂದ್ಮೇಲೆ ಮತ್ತೆ ಉದ್ದ, ಮತ್ತೆ ಘೇರು. 60ರ ದಶಕದಲ್ಲಿ ಮಿನಿ ಸ್ಕರ್ಟ್ ಬಂದು ಸ್ಲಿಪ್ಪು ತೊಡೆ ಮಧ್ಯಕ್ಕೆ ನಿಲ್ತು. ನಿಮ್ಮದು ಎಳೆ ಓರೆಯಾಗಿದ್ದು, ರೇಯಾನ್ ಅಂತ ಗೊತ್ತಾದ್ರೆ, ನಾನಾದ್ರೆ 30ರ ದಶಕದ ಕೊನೆಯಿಂದ 40ರ ದಶಕದ ಮಧ್ಯ ಅಂತ ಚೀಟಿ ಬರೆದು ಇಡ್ತೀನಿ. ಒಂದೇ ವರ್ಷ ಹೇಳೋರನ್ನ ಕಂಡ್ರೆ ನಂಗೆ ನಂಬಿಕೆ ಬರಲ್ಲ.

ಪ್ರಶ್ನೆ: ಮೇಡಂ, ನನ್ನ ಹತ್ರ ಇರೋ ನೈಲಾನ್ ಸ್ಲಿಪ್ಪಿನ ಲೇಬಲ್ ಮೇಲೆ ಆರ್‌ಎನ್ ಅಂತ ಬರೆದು ಒಂದು ನಂಬರ್ ಇದೆ. ಅದು ಮಾಡೆಲ್ ನಂಬರಾ? ಲೇಬಲ್ ನೋಡಿ ವರ್ಷ ಹೇಳೋಕಾಗುತ್ತಾ?
ಓದುಗರು, ಟೆಕ್ಸಸ್

ಉತ್ತರ: ಮಾಡೆಲ್ ನಂಬರ್ ಅಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗಳಿಗೆ ಕೊಡೋ ರಿಜಿಸ್ಟರ್ ನಂಬರ್. ಲೇಬಲ್ ಮೇಲೆ ಕಂಪನಿ ಹೆಸರು ಪೂರ್ತಿ ಬರೆಯೋ ಬದ್ಲು ಇದನ್ನ ಹಾಕಬಹುದು. ಇದಕ್ಕೆ ಮುಂಚೆ ಡಬ್ಲ್ಯುಪಿಎಲ್ ಅಂತ ಶುರುವಾಗೋ ನಂಬರ್ ಕೊಡ್ತಿದ್ರು, 1941ರಿಂದ 1959ರವರೆಗೆ, 13669ಕ್ಕೆ ಅದು ಮುಗೀತು. ಆರ್‌ಎನ್ 13670ರಿಂದ ಮುಂದೆ ಕೊಟ್ಟಿದ್ದೆಲ್ಲಾ 1959ರ ನಂತರದ್ದು. ಆದ್ರೆ ಇಲ್ಲೊಂದು ಕಡೆ ಎಲ್ರೂ ಎಡವ್ತಾರೆ. ನಂಬರ್ ಹೇಳೋದು ಕಂಪನಿ ಯಾವಾಗ ರಿಜಿಸ್ಟರ್ ಆಯ್ತು ಅಂತ, ನಿಮ್ಮ ಸ್ಲಿಪ್ ಯಾವಾಗ ಹೊಲಿದ್ರು ಅಂತ ಅಲ್ಲ. 1962ರಲ್ಲಿ ನಂಬರ್ ತಗೊಂಡ ಕಂಪನಿ 1985ರಲ್ಲೂ ಅದೇ ನಂಬರ್ ಹಾಕಿರುತ್ತೆ. ಅಂದ್ರೆ ಇದಕ್ಕಿಂತ ಹಳೇದಲ್ಲ ಅಂತ ಮಾತ್ರ ಗೊತ್ತಾಗೋದು.

ಲೇಬಲ್ ಓದೋದು ಅಂದ್ರೆ ಹಿಂಗೇ, ಒಂದು ಕಡೆಯಿಂದ ಬಾಗಿಲು ಹಾಕ್ತಾ ಬರೋದು. ನೂರಕ್ಕೆ ಎಷ್ಟು ನೈಲಾನ್, ಎಷ್ಟು ಬೇರೆ ಅಂತ ಶೇಕಡಾ ಲೆಕ್ಕದಲ್ಲಿ ಬರೀಬೇಕು ಅನ್ನೋ ಕಾನೂನು ಜಾರಿಗೆ ಬಂದಿದ್ದು 1960ರ ಮಾರ್ಚ್ 3ಕ್ಕೆ. ಬರೀ 'ಆಲ್ ನೈಲಾನ್' ಅಂತಿದ್ರೆ ಅದಕ್ಕೆ ಮುಂಚಿನದ್ದು ಇರೋ ಸಾಧ್ಯತೆ ಜಾಸ್ತಿ. ಹೇಗೆ ಒಗೀಬೇಕು ಅಂತ ಬಟ್ಟೆಗೇ ಹೊಲಿದ ಖಾಯಂ ಲೇಬಲ್ ಇರ್ಲೇಬೇಕು ಅಂತ ಆಗಿದ್ದು 1972ರ ಜುಲೈನಲ್ಲಿ, ಹಂಗಾಗಿ ಒಗೆಯೋ ಸೂಚನೆ ಇರೋ ಸ್ಲಿಪ್ಪನ್ನ 50ರ ದಶಕದ್ದು ಅಂತ ಯಾರಾದ್ರೂ ಮಾರ್ತಿದ್ರೆ ನಿಂತು ಯೋಚ್ನೆ ಮಾಡಿ. 'ಮೇಡ್ ಇನ್ ಚೈನಾ' ಅಂತಿದ್ರೆ ಇನ್ನೂ ಸುಲಭ, 1950ರಿಂದ 1971ರವರೆಗೆ ಚೀನಾ ಮಾಲಿಗೆ ಅಮೆರಿಕದಲ್ಲಿ ನಿಷೇಧ ಇತ್ತು. ಫಿಲಿಪೀನ್ಸ್ ಅಂತ ಕಂಡ್ರೆ ಮಾತ್ರ ಹೊಸದು ಅಂತ ಎತ್ತಿಡಬೇಡಿ, ಯುದ್ಧಕ್ಕೆ ಮುಂಚೆ ಕೈಕಸೂತಿಯ ಒಳಬಟ್ಟೆ ಅಲ್ಲಿಂದ ಅಮೆರಿಕಕ್ಕೆ ರಾಶಿ ರಾಶಿ ಬರ್ತಿತ್ತು, ಆ ಕಸೂತಿ ನೋಡಿದ್ರೆ ಕಣ್ಣು ತುಂಬುತ್ತೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಲೇಬಲ್ ಬೇರೆ ಇದೆ, ಪಕ್ಕದ ಹೊಲಿಗೇಲಿ ಬೆರಳುಗುರಿನಷ್ಟು ಚಿಕ್ಕದಾಗಿ ಸಿಕ್ಕಿಸಿರೋ ಯೂನಿಯನ್ ಲೇಬಲ್. ಐಎಲ್‌ಜಿಡಬ್ಲ್ಯುಯು, ಅಂದ್ರೆ ಹೆಂಗಸರ ಬಟ್ಟೆ ಹೊಲಿಯೋ ಕಾರ್ಮಿಕರ ಸಂಘ, 1900ರಲ್ಲಿ ಶುರುವಾಗಿದ್ದು. ನ್ಯೂಯಾರ್ಕ್‌ನಲ್ಲಿ ಒಳಬಟ್ಟೆ ಹೊಲಿಯೋರಿಗೇ ಅಂತ ಲೋಕಲ್ 62 ಅನ್ನೋ ಶಾಖೆ ಇತ್ತು. ಆ ಲೇಬಲ್ ಮೇಲೆ ಎಎಫ್‌ಎಲ್-ಸಿಐಓ ಅಂತ ಇದ್ರೆ 1955ರ ಡಿಸೆಂಬರ್‌ನಲ್ಲಿ ಎಎಫ್‌ಎಲ್, ಸಿಐಓ ಅನ್ನೋ ಎರಡು ಕಾರ್ಮಿಕ ಒಕ್ಕೂಟ ಒಂದಾದ ಮೇಲಿನದ್ದು. ಕೆಂಪು, ಬಿಳಿ, ನೀಲಿ ಮೂರೂ ಬಣ್ಣ ಇದ್ರೆ 1974ರ ನಂತರ. 1995ರಲ್ಲಿ ಸಂಘ ಇನ್ನೊಂದರ ಜೊತೆ ಸೇರಿ ಹೆಸರೇ ಬದಲಾಯ್ತು, ಅಲ್ಲಿಗೆ ಆ ಲೇಬಲ್ ಕಥೆ ಮುಗೀತು. ವರ್ಷ ಗೊತ್ತಾಗುತ್ತೆ ಅನ್ನೋದು ಒಂದು ಕಡೆ ಇರಲಿ, ಇದನ್ನ ಹೊಲಿದೋಳು ಒಬ್ಬಳು ಇದ್ಲು ಅಂತ ಹೇಳೋ ಗುರುತು ಇಡೀ ಬಟ್ಟೇಲಿ ಅದೊಂದೇ. ದಯವಿಟ್ಟು ಚುಚ್ಚುತ್ತೆ ಅಂತ ಕತ್ತರಿಸ್ಬೇಡಿ.

ಪ್ರಶ್ನೆ: ಲಂಡನ್ನಿನ ಸಂತೇಲಿ ಸಿಕ್ಕ ಸ್ಲಿಪ್ಪಲ್ಲಿ ಎರಡು ಸಿ ಅಕ್ಷರ ಮತ್ತೆ 41 ಅಂತ ಮುದ್ರೆ ಇದೆ, ಅಂದ್ರೆ ಸೈಜಾ?
ಓದುಗರು, ಲಂಡನ್

ಉತ್ತರ: ಸೈಜ್ ಅಲ್ಲ, ನಿಮಗೆ ಒಳ್ಳೇದೇ ಸಿಕ್ಕಿದೆ. ಅದು ಬ್ರಿಟನ್ನಿನ ಯುಟಿಲಿಟಿ ಮುದ್ರೆ, ಸಿಸಿ41. ಯುದ್ಧದಲ್ಲಿ ಬಟ್ಟೆಗೆ ರೇಷನ್ ಬಂತು, 1941ರ ಜೂನ್ 1ರಿಂದ 1949ರ ಮಾರ್ಚ್‌ವರೆಗೂ ಕೂಪನ್ ಇಲ್ದೆ ಬಟ್ಟೆ ಇಲ್ಲ. ಅವಾಗ ಸರ್ಕಾರ ನಿಗದಿ ಮಾಡಿದ ಗುಣಮಟ್ಟದಲ್ಲಿ, ನಿಗದಿ ಮಾಡಿದ ಬೆಲೇಲಿ ಮಾಡಿದ ಬಟ್ಟೆಗೆ ಈ ಮುದ್ರೆ, 1952ರವರೆಗೂ ಇತ್ತು. 41 ಅನ್ನೋದು ಯೋಜನೆ ಶುರುವಾದ ವರ್ಷ, ನಿಮ್ಮ ಸ್ಲಿಪ್ಪಿನ ವರ್ಷ ಅಂತ ತಿಳ್ಕೋಬೇಡಿ. ಅದೇ ಸಂತೇಲಿ ಬಿಳೀ ರೇಷ್ಮೆದೋ ನೈಲಾನಿಂದೋ ಸ್ಲಿಪ್ ಸಿಕ್ಕಿ, ಇರಬಾರದ ಕಡೆ ಎಲ್ಲಾ ಉದ್ದುದ್ದ ಜೋಡಣೆ ಹೊಲಿಗೆ ಇದ್ರೆ ಬಿಡಬೇಡಿ, ಪ್ಯಾರಾಶೂಟ್ ಬಟ್ಟೇಲಿ ಮನೇಲೇ ಹೊಲ್ಕೊಂಡಿದ್ದು ಇರಬಹುದು. ಪ್ಯಾರಾಶೂಟಿನ ತುಂಡು ತ್ರಿಕೋನ, ಮೇಲೆ ಚೂಪು, ಅದನ್ನ ಹೊಂದಿಸಿ ಹೊಂದಿಸಿ ಹೊಲೀಬೇಕಿತ್ತು. ನನ್ನ ಹತ್ರ ಇರೋ ಒಂದ್ರಲ್ಲಿ ಎದೆ ಮೇಲೆ ಅಡ್ಡಡ್ಡ ಒಂದು ಜೋಡಣೆ ಬಂದಿದೆ, ಅದು ಕಾಣಬಾರದು ಅಂತ ಹೊಲಿದೋಳು ಅದರ ಮೇಲೆ ಸಾಲಾಗಿ ಸಣ್ಣ ಸಣ್ಣ ಹೂವು ಹಾಕಿದಾಳೆ, ಎಣಿಸಿದೀನಿ, 17 ಹೂವು, ಕೊನೇ ಎರಡಕ್ಕೆ ದಾರ ಸಾಲದೆ ಬೇರೆ ಬಣ್ಣ.

ಪ್ರಶ್ನೆ: 36 ಅಂತ ಬರೆದಿದ್ದ ಸ್ಲಿಪ್ ಆನ್‌ಲೈನಲ್ಲಿ ತರಿಸ್ದೆ, ಸೊಂಟದ ಹತ್ರ ಹತ್ತಲೇ ಇಲ್ಲ!
ಓದುಗರು, ಬೆಂಗಳೂರು

ಉತ್ತರ: ಫುಲ್ ಸ್ಲಿಪ್ಪಿನ ನಂಬರ್ ಎದೆ ಸುತ್ತಳತೆ, ಇಂಚಲ್ಲಿ. ಸೊಂಟ, ಹಿಪ್ ಲೆಕ್ಕಕ್ಕೇ ತಗೊಂಡಿಲ್ಲ, ಅದೂ ಒಳಗೆ ಗರ್ಡಲ್ ಅನ್ನೋ ಹೊಟ್ಟೆ, ಸೊಂಟ ಅದುಮೋ ಒಳಬಟ್ಟೆ ಹಾಕಿ ಬಿಗಿದಿರೋ ಮೈಗೆ ಅಳತೆ ಮಾಡಿದ್ದು. ತಗೊಳ್ಳೋ ಮುಂಚೆ ಮಾರೋರಿಗೆ ಮೆಸೇಜ್ ಮಾಡಿ, ನೆಲದ ಮೇಲೆ ಹಾಸಿ ಎದೆ, ಸೊಂಟ, ಹಿಪ್ಪು, ಕಂಕುಳಿಂದ ಕೆಳಗಿನ ಉದ್ದ ಇಷ್ಟೂ ಟೇಪ್ ಇಟ್ಟು ಹೇಳಿ ಅನ್ನಿ. ಹೇಳದೇ ಇರೋರ ಹತ್ರ ತಗೋಬೇಡಿ. ನೇಯ್ದ ಬಟ್ಟೆ ಆದ್ರೆ ನಿಮ್ಮ ಹಿಪ್ಪಿಗಿಂತ ಎರಡು ಇಂಚಾದ್ರೂ ಜಾಸ್ತಿ ಇರಲಿ, ಇಲ್ದಿದ್ರೆ ಕೂತಾಗ ಹಿಂದಿನ ಹೊಲಿಗೆ ಬಿಡುತ್ತೆ.

ಪ್ರಶ್ನೆ: ನಮಸ್ಕಾರ್ರಿ. ನನ್ನ ಮಗಳು ನ್ಯೂಜೆರ್ಸಿಯೊಳಗ ಇರ್ತಾಳ್ರಿ. ಯಾರೋ ಹಾಕ್ಕೊಂಡು ಬಿಟ್ಟ ಹಳೇ ಸ್ಲಿಪ್ ತಂದು, ಅದನ್ನ ಫ್ರಾಕ್ ಹಂಗ ಮ್ಯಾಲ ಹಾಕ್ಕೊಂಡು ಅಡ್ಡಾಡ್ತಾಳ್ರಿ. ಫೋಟೋ ನೋಡಿ ನನಗ ಊಟ ಸೇರವಲ್ದು. ಒಳಗಿನ ಅರಿವಿ ಹೊರಗ ಹಾಕೋದು ಒಂದು, ಮಂದಿ ಉಟ್ಟಿದ್ದು ಇನ್ನೊಂದು. ನೀವರ ಬುದ್ಧಿ ಹೇಳ್ರಿ.
ತಾಯಿ, ಧಾರವಾಡ

ಉತ್ತರ: ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಮೊದಲು ಎರಡನೇದಕ್ಕೆ ಉತ್ತರ. ಈ ಸ್ಲಿಪ್ಪು ಮೈಗೆ ನೇರ ತಾಗ್ತಿದ್ದಿದ್ದು ಕಮ್ಮಿ, ಅದರ ಒಳಗೆ ಬ್ರಾ, ಗರ್ಡಲ್, ಚಡ್ಡಿ ಎಲ್ಲಾ ಇರ್ತಿತ್ತು, ಅದರ ಮೇಲೆ ಸ್ಲಿಪ್ಪು, ಅದರ ಮೇಲೆ ಫ್ರಾಕು. ನಮ್ಮ ಸೀರೆ ಒಳಗಿನ ಲಂಗ ಇದ್ದಂಗೆ. ಅಕ್ಕನ ಲಂಗ ತಂಗಿ ಉಡೋದು ನಮ್ಮನೆಗಳಲ್ಲಿ ಇದ್ದಿದ್ದೇ ಅಲ್ವಾ? ಬೇರೆಯವ್ರು ಹಾಕಿದ ಚಡ್ಡಿ ಮಾತ್ರ ನಾನೂ ತಗೊಳಲ್ಲ, ಯಾರಿಗೂ ತಗೊಳ್ಳಿ ಅನ್ನಲ್ಲ. ಬಾಕ್ಸಲ್ಲಿ ಹಂಗೇ ಉಳಿದು, ಪೇಪರ್ ಟ್ಯಾಗ್ ಕೂಡ ಕಿತ್ತಿರದ ಹಳೇ ಮಾಲು ಬರುತ್ತೆ, ಡೆಡ್‌ಸ್ಟಾಕ್ ಅಂತಾರೆ, ಅದಾದ್ರೆ ಪರವಾಗಿಲ್ಲ. ಮಗಳಿಗೆ ಎರಡು ಸಲ ಚೆನ್ನಾಗಿ ಒಗೆದು ಹಾಕ್ಕೋ ಅಂತ ಮಾತ್ರ ಹೇಳಿ.

ಇನ್ನು ಮೇಲೆ ಹಾಕೋದು. ಅಮೆರಿಕದಲ್ಲಿ ಅದು ನಿಮ್ಮ ಮಗಳ ಕಾಲದ್ದೇನೂ ಅಲ್ಲಮ್ಮಾ, 1990ರ ದಶಕದಲ್ಲೇ ಸ್ಲಿಪ್ ಡ್ರೆಸ್ ಅನ್ನೋದು ದೊಡ್ಡ ಫ್ಯಾಷನ್ ಆಗಿ, 1996ರಲ್ಲಿ ಜಾನ್ ಎಫ್. ಕೆನಡಿಯ ಮಗನನ್ನ ಮದುವೆಯಾದ ಕ್ಯಾರೊಲಿನ್ ಬೆಸೆಟ್ ಮದುವೆಗೇ ಕ್ರಾಸ್ ಕಟ್ ಮಾಡಿದ, ಸ್ಲಿಪ್ಪಿನ ಥರದ್ದೇ ಬಿಳೀ ರೇಷ್ಮೆ ಡ್ರೆಸ್ ಹಾಕಿದ್ರು. ಅಲ್ಲಿ ಬೀದೀಲಿ ಅದನ್ನ ಯಾರೂ ತಿರುಗಿ ನೋಡಲ್ಲ. ಆದ್ರೂ ನಾನೇ ಮಗಳಿಗೆ ಒಂದು ಮಾತು ಹೇಳ್ತೀನಿ, ಹಳೇ ನೈಲಾನ್ ಬೆಳಕಿಗೆ ಪಾರದರ್ಶಕ, ಮನೆಯೊಳಗೆ ಕನ್ನಡಿ ಮುಂದೆ ಗೊತ್ತಾಗಲ್ಲ, ಬಿಸಿಲಿಗೆ ಬೆನ್ನು ಮಾಡಿ ನಿಂತಾಗ ಗೊತ್ತಾಗುತ್ತೆ. ಹಳಬರಿಗೂ ಇದೇ ಚಿಂತೆ ಇತ್ತು, ಅದಕ್ಕೆ 40, 50ರ ದಶಕದ ಎಷ್ಟೋ ಸ್ಲಿಪ್ಪಿಗೆ ಮುಂದುಗಡೆ ಒಳಗೆ ಇನ್ನೊಂದು ಪದರ ಹೊಲಿದಿರ್ತಾರೆ, ಶ್ಯಾಡೋ ಪ್ಯಾನೆಲ್ ಅಂತ. ಅಂಥದ್ದು ಹುಡುಕಿ ತಗೋ, ಇಲ್ದಿದ್ರೆ ಒಳಗೆ ಇನ್ನೊಂದು ಹಾಫ್ ಸ್ಲಿಪ್ ಹಾಕು, ಮೇಲೊಂದು ಕಾರ್ಡಿಗನ್ ಹಾಕು. ನೀವು ಮುಂದಿನ ಸಲ ಹೋದಾಗ ಆ ಸ್ಲಿಪ್ಪಿನ ಅಂಚಿನ ಲೇಸ್ ಒಂದ್ಸಲ ಕೈಲಿ ಹಿಡಿದು ನೋಡ್ರಮ್ಮಾ. ಇಳಕಲ್ ಸೀರೆಗೆ ಕಸೂತಿ ಹಾಕೋ ಊರಿನವ್ರು ನೀವು, ಅದರಲ್ಲಿರೋ ಕೆಲಸ ನಿಮ್ಮ ಕಣ್ಣಿಗೆ ಬೀಳದೇ ಇರಲ್ಲ.

ಪ್ರಶ್ನೆ: ಬಿಳೀ ಸ್ಲಿಪ್ ಹಳದಿ ಆಗಿದೆ. ಬ್ಲೀಚಲ್ಲಿ ನೆನೆಸ್ಲಾ? ಮಿಷನ್‌ಗೆ ಹಾಕಬಹುದಾ?
ಓದುಗರು, ಶಿವಮೊಗ್ಗ ಮತ್ತೆ ಇನ್ನೂ ಆರು ಜನ

ಉತ್ತರ: ಬ್ಲೀಚ್ ಬೇಡ, ಬೇಡವೇ ಬೇಡ. ಕ್ಲೋರಿನ್ ಬ್ಲೀಚ್ ನೈಲಾನನ್ನ ಇನ್ನೂ ಹಳದಿ ಮಾಡುತ್ತೆ, ರೇಷ್ಮೇನಂತೂ ಕರಗಿಸೇಬಿಡುತ್ತೆ. ನೈಲಾನ್ ಹಳದಿ ಆಗಿದ್ರೆ ಆಕ್ಸಿಜನ್ ಬ್ಲೀಚ್ ಅಂತ ಪುಡಿ ಸಿಗುತ್ತೆ, ಸೋಡಿಯಂ ಪರ್ಕಾರ್ಬೊನೇಟ್, ಅದನ್ನ ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ಕರಗಿಸಿ ಒಂದು ರಾತ್ರಿ ನೆನೆಸಿಡಿ, ಬೆಳಗ್ಗೆ ನೀರು ಟೀ ಬಣ್ಣ ಆಗಿರುತ್ತೆ. ರೇಷ್ಮೆಗೆ ಇದೂ ಬೇಡ. ರೇಷ್ಮೆಗೆ ನಮ್ಮ ಅಂಟುವಾಳಕಾಯಿನೇ ಸಾಕು, ಆದ್ರೆ ಕಾಯಿ ನೆನೆಸಿದ ನೀರು ಕಂದು ಇರುತ್ತೆ, ತೆಳು ಬಟ್ಟೇಲಿ ಎರಡು ಸಲ ಸೋಸಿ, ತುಂಬಾ ನೀರು ಸೇರಿಸಿ ತಿಳಿ ಮಾಡ್ಕೊಳಿ, ಬಿಳೀ ರೇಷ್ಮೆ ಆದ್ರೆ ಮೊದಲು ಒಳಗಿನ ಅಂಚಲ್ಲಿ ಒಂದು ಹನಿ ಹಾಕಿ ನೋಡಿ.

ರೇಯಾನ್ ವಿಷಯಕ್ಕೆ ನನ್ನ ಕಥೆ ಹೇಳ್ಬೇಕು. ನಾನು ಶುರು ಮಾಡಿದ ಹೊಸತರಲ್ಲಿ, ನಾಲ್ಕು ಡಾಲರ್ ಕೊಟ್ಟು ತಂದ ತಿಳಿನೀಲಿ ಕ್ರಾಸ್ ಕಟ್ ಸ್ಲಿಪ್, ಎದೆ ಮೇಲೆ ಇಷ್ಟಗಲ ಲೇಸು, ಕೈಯಲ್ಲೇ ಒಗೆದೆ, ಎಲ್ಲಾ ಸರಿಯಾಗೇ ಮಾಡ್ದೆ ಅಂದ್ಕೊಂಡು ಎರಡು ಸ್ಟ್ರಾಪ್ ಹಿಡಿದು ಬಕೆಟ್ಟಿಂದ ಮೇಲಕ್ಕೆತ್ತಿದೆ ಅಷ್ಟೇ, ನೀರಿನ ಭಾರಕ್ಕೆ ಲೇಸ್ ಕೆಳಗಿನ ಬಟ್ಟೆ ಸದ್ದೇ ಇಲ್ದೆ ಬಿಟ್ಕೊಂಡ್ತು. ರೇಯಾನ್ ಒದ್ದೆ ಆದಾಗ ಅದರ ಶಕ್ತಿ ಅರ್ಧಕ್ಕೆ ಬಂದುಬಿಡುತ್ತೆ, ಅದು ನಂಗೆ ಅವತ್ತಿನವರೆಗೂ ಗೊತ್ತಿರ್ಲಿಲ್ಲ. ಈಗ ನಾನು ಬಕೆಟ್ ಒಳಗೆ ಮೊದಲೇ ಒಂದು ಟವೆಲ್ ಹಾಸಿಟ್ಟಿರ್ತೀನಿ, ಒಗೆದಾದ್ಮೇಲೆ ಟವೆಲ್ ಸಮೇತ ಎತ್ತಿ, ಮಗೂನ ಸ್ನಾನ ಮಾಡಿಸಿ ಎತ್ತಿದಂಗೆ, ಇನ್ನೊಂದು ಒಣ ಟವೆಲ್ ಮೇಲೆ ಮಲಗಿಸಿ ಸುತ್ತಿ ಒತ್ತುತೀನಿ. ಹಿಂಡಲ್ಲ, ನೇತಾಕಲ್ಲ, ಬಿಸಿಲಿಗೆ ಹಾಕಲ್ಲ. ಮಿಷನ್ ಅನ್ನೋ ಮಾತೇ ಇಲ್ಲ.

ಎತ್ತಿಡೋದಕ್ಕೆ ಪ್ಲಾಸ್ಟಿಕ್ ಕವರ್ ಬೇಡ, ಒಗೆದು ಒಗೆದು ಮೆತ್ತಗಾದ ಹಳೇ ಬಿಳೀ ಪಂಚೇಲಿ ಸುತ್ತಿ, ಮಡಿಕೆ ಬರೋ ಕಡೆ ಬಟ್ಟೆ ಉರುಳೆ ಮಾಡಿ ಇಡಿ, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ರೇಷ್ಮೆ ಸೀರೆಗೆ ಮಾಡ್ತೀವಲ್ಲ ಹಂಗೆ. ಗಂಜಿ ಮಾತ್ರ ಹಾಕಬೇಡಿ. ಗಂಜಿ ಅಂದ್ರೆ ಸಿಲ್ವರ್ ಫಿಶ್ ಅನ್ನೋ ಆ ಬೆಳ್ಳಿಬಣ್ಣದ ಹುಳಕ್ಕೆ ಪ್ರಾಣ, ಅದು ರೇಯಾನನ್ನೂ ತಿನ್ನುತ್ತೆ.

ಪ್ರಶ್ನೆ: ಅಜ್ಜಿಯ ಹಳೇ ಮೈಸೂರು ಸಿಲ್ಕ್ ಸೀರೆ ಇದೆ, ಕ್ರೇಪ್. ಅದರಲ್ಲಿ 1930ರ ಥರದ ಸ್ಲಿಪ್ ಹೊಲಿಸಬಹುದಾ?
ಓದುಗರು, ಮೈಸೂರು

ಉತ್ತರ: ಸೀರೆ ಇನ್ನೂ ಉಡೋ ಹಂಗಿದ್ರೆ ಕತ್ತರಿ ಹಾಕಬೇಡಿ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ರೇಷ್ಮೆ ಫ್ಯಾಕ್ಟರಿಯ ಹಳೇ ಸೀರೆ ಈಗ ಎಲ್ಲಿಂದ ತರ್ತೀರಾ? ಮಡಿಕೆಗಳಲ್ಲಿ ಈಗಾಗಲೇ ಹರಿದು ಉಡೋಕಾಗದೇ ಇದ್ರೆ ಮಾತ್ರ ಯೋಚಿಸಿ. ಕ್ರೇಪ್ ಮೈಮೇಲೆ ಬೀಳೋ ರೀತಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂಗಿದೆ, ಅದು ನಿಜ. ಆದ್ರೆ ಕ್ರಾಸ್ ಕಟ್‌ಗೆ ಬಟ್ಟೆ ತುಂಬಾ ವೇಸ್ಟ್ ಆಗುತ್ತೆ, ಮಧ್ಯದಲ್ಲಿ ಗಟ್ಟಿಯಾಗಿರೋ ಮೂರು ಮೀಟರ್ ಆದ್ರೂ ಬೇಕು, ಜರಿ ಅಂಚು ಬಿಡಿಸಿ ತೆಗೀಬೇಕು, ಜರಿ ಇದ್ರೆ ಬಟ್ಟೆ ಓರೆಗೆ ಹಿಗ್ಗಲ್ಲ. ಮೊದಲು ಹಳೇ ಕಾಟನ್ ಸೀರೇಲಿ ಒಂದು ಹೊಲಿಸಿ ಹಾಕಿ ನೋಡಿ, ಅಳತೆ ಸರಿಹೋದ್ಮೇಲೆ ರೇಷ್ಮೆ ಮುಟ್ಟಿ.

ಪ್ರಶ್ನೆ: ಹಾಫ್ ಸ್ಲಿಪ್ಪನ್ನ ಸೀರೆ ಒಳಗೆ ಲಂಗದ ಬದ್ಲು ಹಾಕಬಹುದಾ?
ಓದುಗರು, ಹಾಸನ

ಉತ್ತರ: ಬೇಡಮ್ಮಾ. ನೆರಿಗೆ ಭಾರಕ್ಕೆ ಎಲಾಸ್ಟಿಕ್ ಜಾರುತ್ತೆ, ನೈಲಾನ್ ಮೇಲೆ ಸೀರೇನೂ ಜಾರುತ್ತೆ. ಲಾಡಿ ಕಟ್ಟೋ ಲಂಗಾನೇ ಸರಿ. ಖಾದಿ ಕುರ್ತಾ, ತೆಳು ಕಾಟನ್ ಫ್ರಾಕ್ ಒಳಗೆ ಹಾಕಿ ನೋಡಿ, ಬಟ್ಟೆ ಕಾಲಿಗೆ ಅಂಟದೆ ಎಷ್ಟು ಚೆನ್ನಾಗಿ ಬೀಳುತ್ತೆ ಅಂತ ಗೊತ್ತಾಗುತ್ತೆ. ಬೇಸಿಗೇಲಿ ಮಾತ್ರ ನೈಲಾನ್ ಬಿಟ್ಟು ರೇಯಾನ್, ಇಲ್ಲಾ ಕಾಟನ್.

ಪ್ರಶ್ನೆ: ನಮ್ಮ ಅಮ್ಮ ಮದುವೆಗೆ ಮುಂಚೆ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ರು, 60ರ ದಶಕದಲ್ಲಿ. ಹೋದ ವರ್ಷ ತೀರ್ಕೊಂಡ್ರು. ಅವರ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಒಂದು ಬಿಳಿ ನೈಲಾನ್ ಸ್ಲಿಪ್ ಸಿಕ್ತು, ಸೇಂಟ್ ಮೈಕಲ್ ಅಂತ ಲೇಬಲ್. ಒಂದು ಸ್ಟ್ರಾಪ್ ಗಂಟು ಹಾಕಿ ಗಿಡ್ಡ ಮಾಡಿದ್ದಾರೆ. ಮನೆಯಲ್ಲಿ ಎಲ್ಲರೂ ಬಿಸಾಡು ಅಂತಾರೆ, ನನಗೆ ಮನಸ್ಸು ಬರ್ತಾ ಇಲ್ಲ. ಇದಕ್ಕೆ ಬೆಲೆ ಇದೆಯಾ?
ಓದುಗರು, ಉಡುಪಿ

ಉತ್ತರ: ಸೇಂಟ್ ಮೈಕಲ್ ಅನ್ನೋದು ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯ ಸ್ವಂತ ಬ್ರ್ಯಾಂಡು, 1928ರಲ್ಲಿ ಹೆಸರು ನೋಂದಾಯಿಸಿ 2000ದವರೆಗೂ ಇಟ್ಕೊಂಡಿದ್ರು. ಲೇಬಲ್ ಮೇಲೆ ಅಳತೆ ಬರೀ ಇಂಚಲ್ಲಿ ಇದೆಯಾ ನೋಡಿ, ಸೆಂಟಿಮೀಟರೂ ಸೇರಿದ್ರೆ ಸಾಮಾನ್ಯವಾಗಿ 70ರ ದಶಕ, ಇಲ್ಲಾ ಆಮೇಲಿನದ್ದು ಅಂತ ಲೆಕ್ಕ, ಬರೀ ಇಂಚು ಇದ್ರೆ ಅಮ್ಮ ಅಲ್ಲಿದ್ದಾಗಲೇ ತಗೊಂಡಿದ್ದು ಅನ್ನೋದಕ್ಕೆ ಹೊಂದುತ್ತೆ. ಮಾರೋಕೆ ಹೋದ್ರೆ ದೊಡ್ಡ ದುಡ್ಡೇನೂ ಬರಲ್ಲ, ಅಂಗಡಿ ಅಂಗಡೀಲಿ ಸಾವಿರಗಟ್ಟಲೆ ಮಾರಿದ ಸಾಧಾರಣ ಬಟ್ಟೆ ಅದು. ಆದ್ರೆ ಹಿಂಗೆ ದಿನಾ ಹಾಕೋ ಸಾಧಾರಣ ಬಟ್ಟೇನೇ ಎಲ್ರೂ ಹರಿಯೋವರೆಗೂ ಹಾಕಿ ಒರೆಸೋ ಬಟ್ಟೆ ಮಾಡಿ ಮುಗಿಸಿರ್ತಾರೆ, ಉಳಿಯೋದು ಮದುವೆ ಬಟ್ಟೆ ಮಾತ್ರ. ನಿಮ್ಮಮ್ಮ ಅದನ್ನ ಸಮುದ್ರ ದಾಟಿಸಿ ತಂದು, ಇಷ್ಟು ವರ್ಷ ಉಡುಪಿ ಮಳೇಲಿ ಬೂಸ್ಟು ಹಿಡೀದಂಗೆ ಕಾಪಾಡಿದಾರೆ ಅಂದ್ರೆ ಅವರಿಗೆ ಅದು ಬೇಕಿತ್ತು ಅಂತಾನೇ. ಬಿಸಾಡಬೇಡಿ.

ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆ ಸೋಪಲ್ಲಿ ಒಗೀರಿ, ನುಸಿಗುಳಿಗೆ ವಾಸನೆ ಇದ್ರೆ ಎರಡು ದಿನ ನೆರಳಲ್ಲಿ ಗಾಳಿಗೆ ಹಾಸಿ. ಅಳತೆ ನಿಮಗೆ ಆದ್ರೆ ಹಾಕ್ಕೊಳ್ಳಿ, ಬಿಳೀ ಕಾಟನ್ ಕುರ್ತಾ ಒಳಗೆ. ಆ ಗಂಟನ್ನ ಮಾತ್ರ ಬಿಚ್ಚೋಕೆ ಹೋಗಬೇಡಿ, 60 ವರ್ಷದ ಗಂಟು ಬಿಚ್ಚಿದ ಜಾಗದಲ್ಲೇ ಸ್ಟ್ರಾಪ್ ಕಡಿಯುತ್ತೆ. ಸ್ಟ್ರಾಪ್ ಗಿಡ್ಡ ಅನ್ಸಿದ್ರೆ ಹಿಂದುಗಡೆ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಳೀ ಸ್ಯಾಟಿನ್ ರಿಬ್ಬನ್ ಸೇರಿಸಿ ಕೊಡಿ ಅಂತ ಟೈಲರ್‌ಗೆ ಹೇಳಿ, ಗಂಟು ಹಂಗೇ ಇರಲಿ.